ಒಂದೂವರೆ ಅಡಿ ನೆಲದ ಗುಲ್‌ಮೊಹರ್

ಅಥವಾ ಆ ಮರ ಆಗ ಅಷ್ಟೊಂದು ವಾಲಿರಲೇ ಇಲ್ಲವೋ ಏನೋ. ನನ್ನ ನೆನಪಿನಲ್ಲಿರುವುದು ಮರವಲ್ಲ, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದ ಫೋಟೊಗಳಿರಬಹುದು. ಕೊಳೆತ ಬುಡದಲ್ಲಿ ಅಣಬೆ ಎದ್ದಿದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೆ. ಬಣ್ಣ ಕೇಳಿದರೆ ಹೇಳಲಾರೆ.

ದೊಡ್ಡನೆಕ್ಕುಂದಿಯ ನಮ್ಮ ಬಡಾವಣೆಯಲ್ಲಿ ಒಂದು ನಿಯಮವಿದೆ: ಬುಡ ಯಾರ ಸೈಟಿನಲ್ಲಿದೆಯೋ ಮರ ಅವರದು, ಅಪಾಯವೆನಿಸಿದರೆ ಕಡಿಸಬೇಕಾದವರೂ ಅವರೇ. ಈ ಗುಲ್‌ಮೊಹರ್ ನಿಂತಿದ್ದದ್ದು ನನ್ನ ಸೈಟಿಗೂ ನಿವಾಸಿಗಳ ಸಂಘದ ಪಾರ್ಕಿಗೂ ನಡುವೆ. ಗಡಿಕಲ್ಲನ್ನು ಬೇರು ಎಂದೋ ನುಂಗಿತ್ತು. ಸಂಘದ ಕಾರ್ಯದರ್ಶಿ ಟೇಪು ತಂದರು. ನನ್ನ ಕಡೆಯಿಂದ ಅಳೆದರೆ ಮರ ಸಿಗುವ ಮೊದಲೇ ನನ್ನ ಸೈಟು ಮುಗಿಯಿತು. ಆ ಕಡೆಯಿಂದ ಅಳೆದರೆ ಪಾರ್ಕೂ ಹಾಗೆಯೇ. ನಡುವೆ ಯಾರದ್ದೂ ಅಲ್ಲದ ಒಂದೂವರೆ ಅಡಿ ನೆಲ, ಅದರಲ್ಲಿ ಮರ. ಕಡಿಯಲು ಅನುಮತಿ ಬೇಕು, ಅರ್ಜಿಗೆ ಮಾಲೀಕರ ಸಹಿ ಬೇಕು.

“ನೀವೇ ಸೈನ್ ಹಾಕ್ಬಿಡಿ ಸಾರ್. ಹೂವೆಲ್ಲ ನಿಮ್ ಕಾಂಪೌಂಡಿಗೇ ತಾನೇ ಬೀಳೋದು?” ಎಂದರು ಕಾರ್ಯದರ್ಶಿ.

“ಕೆಳಗೆ ಬೆಂಚ್ ಹಾಕ್ಸಿದ್ಯಾರು ಮತ್ತೆ? ನೆರಳು ನಿಮ್ದು, ಮರ ನಂದಾ?” ಎಂದೆ.

ಆ ನೆರಳಿನಲ್ಲೇ ಬಂಡಿ ನಿಲ್ಲಿಸಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಗಸು, ಬಡಾವಣೆ ಆಗುವ ಮೊದಲಿನಿಂದಲೂ ಇದೇ ಊರಿನಾಕೆ, ನಕ್ಕಳು. “ಇಬ್ರಿಗೂ ಬ್ಯಾಡ ಅಂದ್ರೆ ನಂಗೇ ಬರ್ಕೊಟ್ಬಿಡಿ ಸಾರ್. ನಮ್ ಮಾವ ಎಮ್ಮೆ ಮೇಯಿಸ್ತಿದ್ದಿದ್ದು ಇಲ್ಲೇಯ.”

ನಾವೂ ನಕ್ಕೆವು. ಒಣಗಿದ ಕೊಂಬೆ ಆಕೆಯ ತಲೆಯ ಮೇಲೇ ಚಾಚಿಕೊಂಡಿತ್ತು. ಬಂಡಿಗೆ ಬೇರೆ ಜಾಗ ಕೊಡಿ ಎಂದು ಅಂದೇ ನಾನು ಕೇಳಿದೆನೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಕೇಳಿದ್ದರೆ ಕಾರ್ಯದರ್ಶಿ ಏನಾದರೂ ಉತ್ತರ ಕೊಟ್ಟಿರಬೇಕಲ್ಲ? ಅಂಥದ್ದೊಂದು ಉತ್ತರ ನನ್ನ ನೆನಪಿನಲ್ಲಿಲ್ಲ.

ಸಭೆ ಕರೆದರು. ಬಡಾವಣೆಯ ನಕ್ಷೆ ಹುಡುಕಿ ತೆಗೆದರೆ ಅದರಲ್ಲಿ ಮರವೇ ಇರಲಿಲ್ಲ. ಮುಂದಿನ ಸಭೆ ಪೂರ್ತಿ ಬೀದಿನಾಯಿಗಳ ಜಗಳದಲ್ಲೇ ಹೋಯಿತು. ನಾನೂ ನಾಯಿಗಳ ಬಗ್ಗೆ ಗಟ್ಟಿಯಾಗಿಯೇ ಮಾತಾಡಿದೆ.

ಗಾಳಿಯೂ ಇಲ್ಲದ ಒಂದು ಮಧ್ಯಾಹ್ನ ಕೊಂಬೆ ಬಿತ್ತು. ಬಂಡಿ ಜಜ್ಜಿಹೋಯಿತು, ಆಕೆಯ ಬಲಗೈ ಮುರಿಯಿತು. ಮಾರನೆಯ ದಿನ ಅರ್ಜಿಗೆ ನಾನೂ ಸಹಿ ಹಾಕಿದೆ, ಕಾರ್ಯದರ್ಶಿಯೂ ಹಾಕಿದರು. ಮರ ಯಾರದೆಂದು ಯಾರೂ ತಕರಾರು ಎತ್ತಲಿಲ್ಲ. ಅಷ್ಟು ಸಲೀಸಿನ ಕೆಲಸ ಅದು!

ಈಗ ಬಟ್ಟೆ ಒಯ್ಯಲು ಬೇರೆ ಯಾರೋ ಬರುತ್ತಾರೆ. ಆಕೆಯ ಮನೆ ಹಳೇ ಊರಿನೊಳಗೆ, ನಡೆದರೆ ಹತ್ತು ನಿಮಿಷ. ನಾನಿನ್ನೂ ಹೋಗಿಲ್ಲ. ಆ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಎತ್ತುವುದು ಆಕೆಗೆ ಇನ್ನು ಆಗುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.