ಬಾರದವರಿಗೆ ಇಟ್ಟ ತಾಟು

ಆ ಡಿಸೆಂಬರಿನಲ್ಲಿ ಮಗಳ ಶಾಲೆಯವರು ಮಕ್ಕಳಿಗೆಲ್ಲ ಕೆಂಪು ಟೊಪ್ಪಿಗೆ ಹಾಕಿಸಿ, ಫೋಟೊ ತೆಗೆಸಿ, ಕೈಗೊಂದು ಚಾಕಲೇಟು ಕೊಟ್ಟು ರಜೆಗೆ ಕಳಿಸಿದರು. ಕ್ರಿಸ್‌ಮಸ್ ಅಂದರೇನು ಎಂದು ಕೇಳಿದೆ. ಒಂಬತ್ತು ವರ್ಷದ ಹುಡುಗಿ ತಲೆಯ ಮೇಲಿನ ಟೊಪ್ಪಿಗೆ ತೋರಿಸಿದಳು. ನನಗೆ ಸಿಟ್ಟು ಬಂತು. ನಾನು ಅಥಣಿಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಇಡೀ ಜಗತ್ತು ಆಚರಿಸುವ ಹಬ್ಬವನ್ನು ಒಂದು ಟೊಪ್ಪಿಗೆಯಲ್ಲಿ ಮುಗಿಸಿದರೆ ಹೇಗೆ ಸುಮ್ಮನಿರಲಿ? ಅಂದೇ ಪಡಸಾಲೆಯ ಗೋಡೆಗೆ ನಕಾಶೆ ಬಡಿದೆ. ದಿನಕ್ಕೊಂದು ದೇಶ, ಅಲ್ಲಿಯ ಹಬ್ಬದ ಒಂದು ಪದ್ಧತಿ. ಕೇಳಿ ಬಿಡುವುದಲ್ಲ, ಮನೆಯಲ್ಲಿ ಮಾಡಿ ನೋಡಬೇಕು ಎಂದು ಕಟ್ಟಪ್ಪಣೆ ಮಾಡಿದೆ. ವಿದ್ಯಾರ್ಥಿಗಳು ಇಬ್ಬರೇ, ಮಗಳು ಮತ್ತು ಐದು ವರ್ಷದ ಮಗ.

ಮೊದಲ ದಿನ ಫಿಲಿಪ್ಪೀನ್ಸ್. ಬಿದಿರು ಕಡ್ಡಿಗೆ ಗಾಳಿಪಟದ ಕಾಗದ ಅಂಟಿಸಿ ನಕ್ಷತ್ರ ಮಾಡಿ ಬಾಗಿಲಿಗೆ ತೂಗುಹಾಕಿದೆವು. ಮರುದಿನ ಹಾಲೆಂಡ್. ಅಲ್ಲಿಯ ಮಕ್ಕಳು ಬೂಟಿನಲ್ಲಿ, ಉಡುಗೊರೆ ತರುವ ಸಂತನ ಕುದುರೆಗೆಂದು ಗಜ್ಜರಿ ಇಟ್ಟು ಮಲಗುತ್ತಾರೆ. ನಮ್ಮದು ಜೈನರ ಮನೆ, ನೆಲದೊಳಗೆ ಬೆಳೆದ ಗಡ್ಡೆ ಒಳಗೆ ಬರುವುದಿಲ್ಲ. ಗಜ್ಜರಿಯ ಬದಲು ಕಬ್ಬಿನ ತುಂಡು ಇಟ್ಟರು. ಬೆಳಿಗ್ಗೆ ನೋಡಿದರೆ ಬೂಟಿನ ತುಂಬ ಇರುವೆ. ಕೊಲ್ಲುವ ಹಾಗಿಲ್ಲ, ಝಾಡಿಸುವ ಹಾಗೂ ಇಲ್ಲ. ಮೂವರೂ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಊದಿ ಕಳಿಸುವುದರಲ್ಲಿ ಅರ್ಧ ದಿನ ಹೋಯಿತು. ಹೆಂಡತಿ ಒಳಗಿನಿಂದ, ‘ಭೂಗೋಳ ಮುಗೀತೇನ್ರಿ?’ ಎಂದು ಎರಡು ಸಲ ಕೇಳಿದಳು.

ಇಪ್ಪತ್ನಾಲ್ಕಕ್ಕೆ ಪೋಲೆಂಡ್ ಬಂತು. ಅಲ್ಲಿ ಆ ಸಂಜೆ ಮೊದಲ ನಕ್ಷತ್ರ ಮೂಡುವವರೆಗೆ ಊಟಕ್ಕೆ ಕೂಡುವುದಿಲ್ಲ; ಕೂತಾಗ ಒಂದು ತಾಟು ಹೆಚ್ಚಿಗೆ ಇಡುತ್ತಾರೆ, ಹೇಳದೆ ಬರುವ ಅತಿಥಿಗೆ, ಮನೆಬಿಟ್ಟು ದೂರ ಇರುವವರಿಗೆ ಎಂದು ಹೇಳಿಕೊಟ್ಟೆ. ತೊಡಕೆಂದರೆ ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಮಗಳು ಸ್ವಲ್ಪ ಯೋಚಿಸಿ, ‘ಸೂರ್ಯನೂ ನಕ್ಷತ್ರನ ಅಲ್ಲ ಪಪ್ಪಾ? ನೀನ ಕಲಿಸೀದಿ’ ಎಂದಳು. ಒಪ್ಪಿಕೊಂಡೆ. ಹೊತ್ತಿರುವಾಗಲೇ ಊಟಕ್ಕೆ ಕೂತೆವು. ಅವಳು ಒಳಗೆ ಹೋಗಿ ಹೆಚ್ಚಿನ ತಾಟು ತಂದು ನನ್ನ ಪಕ್ಕದಲ್ಲಿ ಇಟ್ಟಳು. ಅಟ್ಟದ ಮೇಲೆ ಕಟ್ಟಿಟ್ಟಿದ್ದ ನನ್ನ ಅವ್ವನ, ಮಕ್ಕಳ ಆಯಿಯ ತಾಟು ಅದು.

ಅವ್ವ ಎರಡು ವರ್ಷದ ಹಿಂದೆ ದೀಕ್ಷೆ ತೆಗೆದುಕೊಂಡಿದ್ದಳು. ಬಿಳಿ ಸೀರೆಯೊಂದನ್ನು ಬಿಟ್ಟು ಎಲ್ಲವನ್ನೂ ತೊರೆದು, ತಲೆಗೂದಲು ಕೈಯಿಂದಲೇ ಕಿತ್ತು, ಆರ್ಯಿಕೆಯರ, ಅಂದರೆ ಜೈನ ಸನ್ಯಾಸಿನಿಯರ ಸಂಘದೊಂದಿಗೆ ಊರೂರು ಬರಿಗಾಲಲ್ಲಿ ನಡೆಯುತ್ತಿದ್ದಳು. ದಿನಕ್ಕೆ ಒಂದೇ ಹೊತ್ತು, ಅದೂ ಬೊಗಸೆಯಲ್ಲಿ. ತಾಟು ಮುಟ್ಟುವುದಿಲ್ಲ. ದೀಕ್ಷೆಗೆ ಮನೆಯವರ ಒಪ್ಪಿಗೆ ಬೇಕು. ಅಷ್ಟು ಮಂದಿಯ ಎದುರು ಕೈಮುಗಿದು ‘ಒಪ್ಪಿಗಿ ಐತ್ರಿ’ ಎಂದವನು ನಾನೇ. ಹೇಳಿದ್ದು ಬಾಯಿ ಮಾತ್ರ. ನನ್ನ ಇಬ್ಬರು ಮಕ್ಕಳನ್ನು ಎತ್ತಿ ಆಡಿಸಿದವಳು ಹೀಗೆ ಎದ್ದು ಹೋಗಬಹುದೇ ಎಂಬ ಸಿಟ್ಟು ನನ್ನಲ್ಲಿ ಹಾಗೆಯೇ ಉಳಿಯಿತು. ಒಮ್ಮೆಯೂ ದರ್ಶನಕ್ಕೆ ಹೋಗಲಿಲ್ಲ. ಮಕ್ಕಳನ್ನೂ ಕಳಿಸಲಿಲ್ಲ.

‘ಅದನ್ನ ಒಳಗಿಡು. ಆಯಿ ತಾಟಿನ್ಯಾಗ ಉಣ್ಣೂದಿಲ್ಲ,’ ಎಂದೆ.

‘ಅವರ ದೇಶದಾಗ ಬರದಿದ್ದೋರಿಗೂ ಇಡ್ತಾರಂತ ನೀನ ಹೇಳೀದಿ.’

‘ಆಕಿ ಬರೂದಿಲ್ಲ. ಆಕಿಗೆ ನಾವ ಬ್ಯಾಡಾಗೀವಿ.’

ಆ ಮಾತು ಆಡಬಾರದಿತ್ತು. ಆಡಿದ್ದಲ್ಲದೆ ತಾಟನ್ನು ನಾನೇ ಎತ್ತಿ ಒಳಗೆ ಇಟ್ಟು ಬಂದೆ. ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ, ಉಣ್ಣಲೂ ಇಲ್ಲ. ಹೊತ್ತು ಮುಳುಗಿತು. ಮುಳುಗಿದ ಮೇಲೆ ಅವಳಿಗೆ ಉಣಿಸುವಂತಿರಲಿಲ್ಲ.

ಹೆಂಡತಿ ಪಾತ್ರೆ ಎತ್ತುತ್ತ, ‘ಹಾಲೆಂಡ, ಪೋಲೆಂಡ ಎಲ್ಲಾ ಕಲಿಸಿದ್ರಿ,’ ಎಂದಳು. ‘ಬಾಗಲದಾಗ ನಿಂತು ಬರೋರಿಗೆ ಕಾಯೂದು ನಮ್ಮ ಮನಿತನದಾಗೂ ಐತಿ. ಅದನ್ನ ಯಾಕ ಕಲಿಸಲಿಲ್ರಿ? ಅತ್ತೀಯವರ ಸಂಘ ಕಾಗವಾಡ ಬಿಟ್ಟೈತಂತ. ನಾಡಿದ್ದ ಇಲ್ಲಿಗೆ ಬರ್ತಾರ. ಚೌಕಾ ಹಾಕೂಣು.’

ಚೌಕಾ ಹಾಕುವುದೆಂದರೆ ಮಡಿಯಲ್ಲಿ ಅಡುಗೆ ಮಾಡಿ, ತ್ಯಾಗಿಗಳಿಗೆ ಆಹಾರ ಕೊಡಲು ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುವುದು. ಬಾಗಿಲಲ್ಲಿ ಇಂಥದ್ದು ಕಂಡರೆ ಮಾತ್ರ ಉಣ್ಣುವೆ ಎಂದು ಅವರು ಮನಸ್ಸಿನಲ್ಲೇ ಒಂದು ನೇಮ ಹಿಡಿದು ಬರುತ್ತಾರೆ. ಅದು ಕೂಡಿ ಬಂದ ಮನೆಯ ಮುಂದೆ ಮಾತ್ರ ನಿಲ್ಲುತ್ತಾರೆ. ಬೇಡ ಎನ್ನುವ ಮುಖ ನನಗಿರಲಿಲ್ಲ.

ಸಂಘ ಊರಿಗೆ ಬಂದ ಬೆಳಿಗ್ಗೆ ಮಕ್ಕಳಿಗೆ ಮತ್ತೆ ಮತ್ತೆ ಹೇಳಿದೆ. ‘ಉಣ್ಣುವಾಗ ಅಳೂ ಸಪ್ಪಳ ಕಿವಿಗೆ ಬಿತ್ತಂದ್ರ ಆಯಿ ಅಲ್ಲಿಗೇ ಬಿಟ್ಟು ಏಳ್ತಾಳ. ಮತ್ತ ನಾಳೆ ತನಕ ನೀರೂ ಇಲ್ಲ. ಯಾರೂ ಅಳಬಾರ್ದು. ತಿಳೀತ?’ ಮಗ ಆಗಲೇ ಬಾಯಿಯ ಮೇಲೆ ಕೈ ಇಟ್ಟುಕೊಂಡು ತಲೆಯಾಡಿಸಿದ.

ನಮ್ಮ ಓಣಿಯಲ್ಲಿ ಏಳೆಂಟು ಬಾಗಿಲಲ್ಲಿ ಜನ ನಿಂತಿದ್ದರು. ನಾನು ಒದ್ದೆ ಧೋತರದಲ್ಲಿ ಕಲಶ ಹಿಡಿದಿದ್ದೆ. ಮೂವರು ಆರ್ಯಿಕೆಯರು ತಲೆ ಬಗ್ಗಿಸಿ ಬಂದರು. ನಡುವಿನವಳು ಅವ್ವ. ತೂಕವೆಲ್ಲ ಇಳಿದುಹೋಗಿತ್ತು. ನಮ್ಮ ಬಾಗಿಲು ದಾಟಿ ಮುಂದೆ ಹೋದಳು. ಓಣಿಯ ತುದಿಯವರೆಗೆ ಹೋಗಿ, ತಿರುಗಿ ಬಂದು, ನಮ್ಮ ಮುಂದೆ ನಿಂತಳು. ‘ವಂದಾಮಿ ಮಾತಾಜಿ,’ ಎಂದೆ. ಹಡೆದವಳನ್ನು ಹಾಗೆ ಕರೆದದ್ದು ಅದೇ ಮೊದಲು.

ಪ್ರದಕ್ಷಿಣೆ ಹಾಕಿ, ಒಳಗೆ ಕರೆದು, ಮಣೆಯ ಮೇಲೆ ಕೂರಿಸಿ, ಕಾಲು ತೊಳೆದೆವು. ಬೊಗಸೆ ಒಡ್ಡಿದಳು. ನೀರು ಹಾಕಿದೆ, ಕುಡಿದಳು. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಮೊದಲ ತುತ್ತನ್ನು ಹೆಂಡತಿ ಇಟ್ಟಳು, ಎರಡನೆಯದನ್ನು ಮಗಳು. ಹುಡುಗಿ ಎಷ್ಟು ಜೋಪಾನವಾಗಿ ಇಟ್ಟಳೆಂದರೆ ಒಂದು ಹನಿ ಹಾಲು ಕೆಳಗೆ ಬೀಳಲಿಲ್ಲ. ಮೂರನೆಯದು ನನ್ನದು. ಕೂದಲು, ಹುಳ ಇದೆಯೇನೋ ಎಂದು ನೋಡಲು ಅವ್ವ ಆ ತುತ್ತನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಬಿಡಿಸಿದಳು. ಮಗನಿಗೆ ಹಲ್ಲು ಬರುವ ಮೊದಲು ಅವಳು ರೊಟ್ಟಿ ನುರಿಯುತ್ತಿದ್ದದ್ದು ಹಾಗೆಯೇ.

ತಡೆಯಲಾಗಲಿಲ್ಲ. ದನಿ ತೆಗೆದು ಅತ್ತುಬಿಟ್ಟೆ.

ಅವ್ವನ ಬೊಗಸೆ ಬಿಚ್ಚಿತು. ತುತ್ತು ಕೆಳಗಿಟ್ಟಿದ್ದ ಪಾತ್ರೆಗೆ ಬಿತ್ತು. ಅವಳು ಕೈ ತೊಳೆದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಎದ್ದಳು. ಮುಖದಲ್ಲಿ ಬೇಸರವಿರಲಿಲ್ಲ. ಹರಸಲು ನವಿಲುಗರಿಯ ಪಿಂಛಿಯನ್ನು ಮಕ್ಕಳ ಕಡೆ ಎತ್ತಿದಳು, ಹೆಂಡತಿಯ ಕಡೆ ಎತ್ತಿದಳು, ನನ್ನ ಕಡೆಯೂ ಅಷ್ಟೇ ಎತ್ತಿದಳು. ಬಿಸಿಲಿಗೆ ಇಳಿದು ಹೋದಳು.

ಒಪ್ಪಿಗೆ ಕೊಟ್ಟ ದಿನ ಅಳಬೇಕಾಗಿದ್ದ ಅಳು ಅದು. ಅಂದು ಅತ್ತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಮಗ ಬಾಯಿಯ ಮೇಲಿನ ಕೈ ಇನ್ನೂ ತೆಗೆದಿರಲಿಲ್ಲ. ಮಗಳು ಹಾಲಿನ ಬಟ್ಟಲು ಹಿಡಿದೇ ನಿಂತಿದ್ದಳು.

‘ಆಯಿ ಇನ್ನ ನಾಳೆ ತನಕ ನೀರೂ ಕುಡಿಯೂದಿಲ್ಲೇನು ಪಪ್ಪಾ?’

‘ಇಲ್ಲ.’

‘ನಾವಿಬ್ಬರೂ ಅಳಲಿಲ್ಲ.’

‘ಹೌದವ್ವಾ,’ ಎಂದೆ. ‘ಆಕಿನ್ನ ಉಪಾಸ ಕಳಿಸಿದಾಂವ ನಾನ.’