ಕುರಿಯ ಬೆನ್ನಿನ ಅಕ್ಷರ

ಮಣ್ಣೂರು ದಾಟಿದ ಮೇಲೆ ಹೊಳೆದಂಡೆಯ ಹೊಲದಲ್ಲಿ ಮಾಳಪ್ಪನ ಕುರಿಹಿಂಡು ಸಿಕ್ಕಿತು. ಈ ಹಿಂಡಿನ ಜೊತೆ ಊರೂರು ತಿರುಗುತ್ತ ಕುರಿಗಾರರ ಮಕ್ಕಳಿಗೆ ಕನ್ನಡ ಓದಲು ಕಲಿಸುತ್ತಿದ್ದ ನನ್ನ ಅಣ್ಣ ತೀರಿಕೊಂಡು ಎರಡು ತಿಂಗಳಾಯಿತು. ಆ ಕೆಲಸವನ್ನು ನಾನು ಮುಂದುವರಿಸುತ್ತೇನೆ ಎಂದು ಮಾಳಪ್ಪನಿಗೆ ಹೇಳಿದೆ.

ತಿರುಗಾಟದಲ್ಲಿ ಪಾಟಿ ಒಡೆಯುತ್ತವೆಂದು ಅಣ್ಣ ಕರಿ ಕುರಿಗಳ ಬೆನ್ನ ಮೇಲೆ ಬಿಳಿ ಜೇಡಿಮಣ್ಣಿನಿಂದ ಅಕ್ಷರ ಬರೆಯುತ್ತಿದ್ದನಂತೆ, ಒಂದು ಕುರಿಗೆ ಒಂದು. ಇದು ನನಗೆ ಗೊತ್ತೇ ಇರಲಿಲ್ಲ. ಎರಡು ತಿಂಗಳಲ್ಲಿ ಮಾಸಿದ್ದರೂ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಮಾಳಪ್ಪನ ಮಗಳು ನೀಲವ್ವ ಮೇಯುತ್ತಿದ್ದ ಕುರಿಗಳನ್ನು ತೋರಿಸಿ ಎಲ್ಲ ಅಕ್ಷರಗಳನ್ನೂ ಪಟಪಟನೆ ಹೇಳಿದಳು.

ಮಾಳಪ್ಪ ನಕ್ಕ. "ಆಕಿ ಅಕ್ಷರ ಎಲ್ಲಿ ನೋಡ್ತಾಳ್ರೀ ಮಾಸ್ತರ? ಕುರಿ ಮಾರಿ ನೋಡಿ ಹೇಳ್ತಾಳ. ನಿಮ್ಮ ಅಣ್ಣಾವ್ರು ಪಾಪ, ಸುಮ್ಮ ಕಾಲು ಸವಸಿದ್ರು. ಬಿಸಿಲು ಇಳದ ಮ್ಯಾಲ ನಾವು ಹೊಳಿ ದಾಟತೇವಿ. ನೀವು ಊರಿಗಿ ಹೋಗ್ರಿ."

ಕುರಿಗಾರರಿಗೆ ಪ್ರತಿ ಕುರಿಯ ಮುಖವೂ ಗುರುತು. ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಅಣ್ಣನನ್ನು ನಾನು ಬಲ್ಲೆ. ನೀಲವ್ವ ನೀರಿಗೆ ಹೋದಾಗ 'ಕ' ಬರೆದಿದ್ದ ಕುರಿಯ ಬೆನ್ನು ಒರೆಸಿ 'ಮ' ಎಂದು ಬರೆದೆ.

ಬಂದವಳೇ ಕೊಡ ಇಳಿಸಿ ಸಿಡುಕಿದಳು. "ಯಾರ್ರೀ ಇದು ಮಾಡಿದ್ದು? 'ಮ' ಅಲ್ಲಿ ಜಾಲಿ ಬುಡಕ ಮೇಯಾಕತ್ತದ. ಅದರ ಅಕ್ಷರ ಇದರ ಮ್ಯಾಲ ಯಾಕ ಬರದ್ರಿ?"

ಮಾಳಪ್ಪ ಮಗಳನ್ನು ನೋಡಿದ, ಕುರಿಯನ್ನು ನೋಡಿದ. ಆಮೇಲೆ ನನ್ನ ಗಂಟನ್ನು ಎತ್ತಿ ತನ್ನ ಹೇರಿನ ಕುದುರೆಯ ಮೇಲೆ ಕಟ್ಟಿದ.