ಜಾಕಿಗೆ ಗುರುತಿಲ್ಲದ ಅಳಿಯ

ಈಚೆಗೆ ಒಂದು ದಿನ ನಮ್ಮ ಚಿತ್ರದುರ್ಗದ ಮನೆಯ ಪಡಸಾಲೆಯಲ್ಲಿ ಬೆಲ್‌ಬಾಟಮ್ ಪ್ಯಾಂಟಿನ ಗಂಡಸೊಬ್ಬ ಎರಡೂ ಕಾಲೆತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಕೆಳಗೆ ನಾಯಿ. ಹುಲಿಯಂಥ ನಾಯಿ ಅಂದುಕೊಂಡಿರಾ? ಬೆಕ್ಕಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೆ.

ಬೆಂಚಿನ ಮೇಲಿದ್ದವನು ಈ ಅಜ್ಜಿಯ ಮೊಮ್ಮಗಳು ಗಿರಿಜೆಯ ಗಂಡ. ಹೆಂಡತಿ, ಮಗುವನ್ನು ಹೊಸದುರ್ಗಕ್ಕೆ ಕರೆದೊಯ್ಯಲು ಬಂದಿದ್ದ.

ಮೊದಲು ನಾಯಿಯ ವಿಷಯ ಹೇಳಿಬಿಡುತ್ತೇನೆ. ಗಿರಿಜೆಯ ಅಪ್ಪ, ಅಂದರೆ ನನ್ನ ಮಗ, ಯಾವನೋ ಆಫೀಸರನ ಮನೆಯ ನಾಯಿ ನೋಡಿ ಬಂದು ನಮಗೂ ಅಂಥದ್ದೇ ಬೇಕೆಂದು ಈ ಬಿಳಿ ಪಾಮೇರಿಯನ್ ಮರಿ ತಂದ. ಜಾಕಿ ಎಂದು ಹೆಸರಿಟ್ಟ. ಟ್ರೇನಿಂಗ್ ಶುರುವಾಯಿತು. ಸಿಟ್, ಕಮ್, ಶೇಕ್‌ಹ್ಯಾಂಡ್! (ಹೆಂಡತಿಯ ಜೊತೆ ಕನ್ನಡದಲ್ಲೇ ನೆಟ್ಟಗೆ ಮಾತಾಡದವನು, ನಾಯಿಯ ಜೊತೆ ಇಂಗ್ಲಿಷ್.) ಬಿಸ್ಕತ್ತು ಇರುವತನಕ ಜಾಕಿ ಕೂರುತ್ತಿತ್ತು. ಮುಗಿದರೆ ಎದ್ದು ಹೋಗಿ ಚಪ್ಪಲಿ ಕಡಿಯುತ್ತಿತ್ತು. ನೆಂಟರು ಬಂದಾಗಲೆಲ್ಲ ಅದನ್ನು ಬಚ್ಚಲಲ್ಲಿ ಕೂಡಿಹಾಕುತ್ತಿದ್ದರು. ನೆಂಟರೆಂದರೆ ಬಚ್ಚಲು ಎಂದು ಕಲಿತ ನಾಯಿ ನೆಂಟರನ್ನು ಮುದ್ದು ಮಾಡುತ್ತದೆಯೇ?

ಕೊನೆಗೆ ಮಗ ಅದನ್ನು ಆದಿವಾಲಕ್ಕೆ ಹೊತ್ತುಕೊಂಡು ಹೋದ. ಅಲ್ಲಿ ನನ್ನ ತಮ್ಮ ಕುರಿ ಸಾಕಿದ್ದಾನೆ. ‘ಮಾವ, ಸ್ವಲ್ಪ ಪಳಗ್ಸಿ ಕೊಡು’ ಎಂದು ಬಿಟ್ಟು ಬಂದ.

ಕುರಿ ಕಾಯುವ ನಮ್ಮವರಿಗೆ ಗೊತ್ತಿರುವುದು ಒಂದೇ ಪಾಠ. ನಾಯಿಯನ್ನು ಕುರಿಮರಿಗಳ ನಡುವೆ ಬಿಡುವುದು. ಅವುಗಳ ಜೊತೆ ಮಲಗಿ ಎದ್ದರೆ ಅವೇ ತನ್ನವರೆಂದುಕೊಳ್ಳುತ್ತದೆ. ಗುರುತಿಲ್ಲದವನು ಮರಿಗೆ ಕೈ ಹಾಕಿದರೆ ಬಿಡುವುದಿಲ್ಲ. ಕುರಿಗೆ ಸರಿ. ಮನೆಗೆ? ನನ್ನ ತಮ್ಮ ಅದನ್ನು ಯೋಚಿಸಲಿಲ್ಲ. ಮಗನಂತೂ ಯೋಚಿಸುವ ಪೈಕಿಯೇ ಅಲ್ಲ.

ಜಾಕಿ ವಾಪಸ್ ಬಂದಾಗ ಗಿರಿಜೆ ಬಾಣಂತಿ. ನಾಯಿ ಸೀದಾ ಹೋಗಿ ತೊಟ್ಟಿಲ ಕೆಳಗೆ ಮಲಗಿತು. ಅದರ ಲೆಕ್ಕದಲ್ಲಿ ಕೂಸೇ ಈಗ ಕುರಿಮರಿ. ದಿನಾ ಕೂಸನ್ನು ಎತ್ತುವ ನಮ್ಮನ್ನಾಗಲಿ, ನೀರೆರೆಯುವ ಮುದುಕಿಯನ್ನಾಗಲಿ ಅದು ಏನೂ ಮಾಡಲಿಲ್ಲ.

ತೊಟ್ಟಿಲ ಕಡೆ ಕಾಲಿಟ್ಟ ಅಳಿಯನನ್ನು ಮಾತ್ರ ಬೆಂಚು ಹತ್ತಿಸಿತು. ಗುರುತಿಲ್ಲ. ಹೇಗಿರುತ್ತದೆ? ಹುಟ್ಟಿದ್ದು ಹೆಣ್ಣು ಎಂದು ಕೇಳಿದ ಮೇಲೆ ಆಸಾಮಿ ಈ ಕಡೆ ತಲೆಯನ್ನೇ ಹಾಕಿರಲಿಲ್ಲ. ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ದಿನವೂ ಆಫೀಸಿನಲ್ಲಿ ಆಡಿಟ್ ಅಂತೆ!

‘ಮೊದ್ಲು ಈ ನಾಯಿ ಸಾಗಹಾಕ್ರಿ. ಇದು ಇರೋತನ್ಕ ನಾನು ಈ ಮನೇಲಿ ಕಾಲಿಡಲ್ಲ’ ಎಂದ ಬೆಂಚಿನ ಮೇಲಿಂದಲೇ. (ಇಡಲು ಅದು ಬಿಟ್ಟರೆ ತಾನೆ!)

ಮಗ ಬೆವರಿದ. ‘ಸಿಟ್ಟಾಗಬ್ಯಾಡ್ರಿ ಅಳಿಯಂದ್ರೆ. ನಾಳೇನೇ ಐಮಂಗಲದ ಹತ್ರ ಲಾರಿ ರೋಡಿಗೆ ಬಿಟ್ಟು ಬರ್ತೀನಿ.’

‘ಅಲ್ಲಲೇ, ಕೂಸು ಕಾದಿದ್ದಕ್ಕೆ ರೋಡು, ಕೂಸಿನ ಮುಖಾನೇ ನೋಡದೋನಿಗೆ ಕಾಫಿ?’ ಎಂದೆ.

‘ಅವ್ವ, ನೀನು ಸುಮ್ನಿರು. ಹುಡುಗಿ ಬಾಳು ಐತೆ ಇದ್ರಾಗೆ.’

ಬಾಳು ಎಂದರೆ ಮುಗಿಯಿತು, ನಮ್ಮಲ್ಲಿ ಎಲ್ಲರ ಬಾಯಿಗೂ ಬೀಗ. ಸೊಸೆಯಂತೂ ಆಗಲೇ ಗಿರಿಜೆಯ ಟ್ರಂಕನ್ನು ಪಡಸಾಲೆಗೆ ತಂದಿಟ್ಟಿದ್ದಳು.

ಗಿರಿಜೆ ಕೂಸನ್ನು ಎತ್ತಿಕೊಂಡು ಬಂದು ಆ ಟ್ರಂಕಿನ ಮೇಲೆಯೇ ಕೂತಳು.

‘ರೀ, ನಾಯಿ ಎಲ್ಲಿಗೂ ಹೋಗಲ್ಲ. ನಾನೂ ಇವತ್ತು ಬರಲ್ಲ. ಭಾನುವಾರ ಭಾನುವಾರ ಬರ್ರಿ, ಇಲ್ಲೇ ಕುಂತ್ಕಳ್ರಿ. ಈ ಕೂಸು ನಿಮ್ಮ ಕೈಗೆ ಅಳದಂಗೆ ಬಂದ ದಿನ ನಾನೂ ಬರ್ತೀನಿ.’

‘ಏನು, ನಾನು ನಾಯಿ ಹತ್ರ ಪರ್ಮಿಷನ್ ತಗಬೇಕಾ?’

‘ನಾಯಿ ಹತ್ರ ಅಲ್ಲ. ಮಗಳ ಹತ್ರ.’

ಸಂಜೆ ಬಸ್ಸಿಗೆ ಆತ ಒಬ್ಬನೇ ಹೋದ. ಮೊಮ್ಮಗಳ ತಲೆ ಕೆಡಿಸಿದ್ದು ನಾನೇ ಎಂದು ಮಗ ಮಾತು ಬಿಟ್ಟಿದ್ದಾನೆ. ಬಿಡಲಿ, ಮನೆ ತಣ್ಣಗಿದೆ.

ಮೊನ್ನೆ ಭಾನುವಾರ ಅಳಿಯ ಬಂದ. ಬಂದನಲ್ಲ ಎಂದು ಸೊಸೆ ದೇವರಿಗೆ ದೀಪ ಹಚ್ಚಿದಳು. ಅವನ ಕಂಕುಳಲ್ಲಿ ಒಂದು ಪೊಟ್ಟಣ. ಕೂಸಿಗೆ ಅಂಗಿಯೋ ಗಿಲಕಿಯೋ ಇರಬೇಕು ಅಂದುಕೊಂಡೆವು. ಬಿಚ್ಚಿದರೆ ಏನು? ನಾಯಿಗೆ ಕಟ್ಟುವ ಸರಪಳಿ.

ಜಾಕಿ ಇನ್ನೂ ಎಳೆಯದು, ಇವತ್ತಲ್ಲ ನಾಳೆ ಕಲಿಯುತ್ತದೆ. ಮೀಸೆ ಬಂದವನಿಗೆ ಯಾರು ಕಲಿಸಬೇಕು?